ನೋಯುವ ಭುಜಕ್ಕೆ ಎಷ್ಟು ಕಿಲೋ?

ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಯ ಹತ್ತಿರಕ್ಕೆ ಇಳಿದೊಡನೆ ಭುಜದ ಮುಂಭಾಗದಲ್ಲಿ ಚುಚ್ಚಿದಂತಾಗುತ್ತದೆ. ಸೆಟ್ ಮುಗಿದ ಮೇಲೆ ಮರೆತುಹೋಗುವ ಈ ನೋವು ಮರುದಿನ ಅಂಗಿಯ ತೋಳಿಗೆ ಕೈ ತೂರಿಸುವಾಗ, ರಾತ್ರಿ ಆ ಮಗ್ಗುಲಿಗೆ ಹೊರಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಜಿಮ್‌ನಲ್ಲಿ ಕೇಳಿದರೆ ಒಬ್ಬರು ‘ಒಂದು ತಿಂಗಳು ಬಿಟ್ಟುಬಿಡಿ’ ಎನ್ನುತ್ತಾರೆ, ಇನ್ನೊಬ್ಬರು ‘ವಾರ್ಮ್ ಅಪ್ ಚೆನ್ನಾಗಿ ಮಾಡಿ ಎತ್ತಿ, ತಾನಾಗೇ ಹೋಗುತ್ತೆ’ ಎನ್ನುತ್ತಾರೆ. ಮನೆಯಲ್ಲಿ ‘ನರ ಹಿಡ್ಕೊಂಡಿದೆ, ಎಣ್ಣೆ ಹಚ್ಚಿ ತಿಕ್ಕಿಸ್ಕೋ’ ಎಂಬ ಮಾತು. ಬಹಳ ಜನ ಪಾಲಿಸುವುದು ಮೊದಲನೆಯ ಸಲಹೆಯನ್ನು. ತಿಂಗಳು ಬಿಟ್ಟು, ನೋವು ಹೋಯಿತೆಂಬ ಖುಷಿಯಲ್ಲಿ ಮರಳಿ, ಹಳೆಯ ಭಾರವನ್ನೇ ಎತ್ತಿ, ಎರಡನೆಯ ವಾರದಲ್ಲಿ ಅದೇ ನೋವಿಗೆ ಸಿಲುಕುತ್ತಾರೆ. ಇದಕ್ಕೆ ಕಾರಣವಿದೆ. ಬಿದ್ದು ಪೆಟ್ಟಾಗದೆ, ತೂಕ ಎತ್ತುತ್ತಲೇ ಬಂದ ಭುಜನೋವು ಹೆಚ್ಚಿನ ಸಲ ಭುಜದ ತಾಳಿಕೆಯನ್ನು ಮೀರಿ ಭಾರ ಮುಂದೆ ಓಡಿದ್ದರಿಂದ ಬಂದಿರುತ್ತದೆ. ವಿಶ್ರಾಂತಿ ನೋವನ್ನು ತಗ್ಗಿಸುತ್ತದೆ, ತಾಳಿಕೆಯನ್ನು ಬೆಳೆಸುವುದಿಲ್ಲ. ವಾರಗಟ್ಟಲೆ ಮುಂದುವರಿದರೆ ಇದ್ದ ತಾಳಿಕೆಯೂ ಕುಗ್ಗುತ್ತದೆ. ಹಾಗಾಗಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಭುಜ ಇವತ್ತು ಎಷ್ಟು ಕಿಲೋ ತಾಳುತ್ತದೆ, ಅಲ್ಲಿಂದ ಅದನ್ನು ಹೇಗೆ ಏರಿಸುವುದು?

ಮೊದಲು ಆಸ್ಪತ್ರೆಗೆ ಹೋಗಬೇಕಾದವರು

ಇಲ್ಲಿ ಹೇಳುವ ಕ್ರಮ ಎಲ್ಲ ಭುಜನೋವಿಗೂ ಹೊಂದುವುದಿಲ್ಲ, ಅದಕ್ಕೇ ಎಚ್ಚರಿಕೆ ಮೊದಲು. ಎತ್ತುವಾಗ ‘ಟಪ್’ ಎಂದು ಕಿತ್ತುಬಂದಂತಾಗಿ, ಎದೆಯಿಂದ ಕಂಕುಳಿನವರೆಗೆ ರಕ್ತ ಕಂದಿ, ಸ್ನಾಯುವಿನ ಆಕಾರವೇ ಬದಲಾಗಿದ್ದರೆ ಎದೆಯ ದೊಡ್ಡ ಸ್ನಾಯು ಮೂಳೆಯಿಂದ ಕಳಚಿರಬಹುದು. ಬೆಂಚ್ ಪ್ರೆಸ್‌ನಲ್ಲಿ ಬಾರ್ ಇಳಿಸುವ ಹಂತದಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆ ಬೇಕಾದರೆ ಮೊದಲ ಕೆಲವು ವಾರಗಳೊಳಗೆ ಮಾಡಿಸುವುದು ಒಳ್ಳೆಯದಾದ್ದರಿಂದ ಕಾದು ನೋಡಬೇಡಿ. ಭುಜದ ಕೀಲು ಜಾರಿದರೆ ಉಳುಕು ತೆಗೆಯುವವರ ಕೈಯಲ್ಲಿ ಎಳೆಸಬೇಡಿ. ಜೊತೆಗೆ ಮೂಳೆ ಬಿರುಕು ಬಿಟ್ಟಿರಬಹುದು, ಕೀಲಿನ ಕೆಳಗೇ ಹಾದುಹೋಗುವ ನರಕ್ಕೂ ಪೆಟ್ಟಾಗಬಹುದು. ಜಗ್ಗಿದ ಕ್ಷಣದಿಂದ ಕೈ ಎತ್ತಲೇ ಆಗದಿದ್ದರೆ, ಅದರಲ್ಲೂ 40 ದಾಟಿದವರಾದರೆ, ಅದೇ ವಾರ ಮೂಳೆ ವೈದ್ಯರನ್ನು ಕಾಣಿ. ಎತ್ತಿದ ಒಂದೆರಡು ದಿನದಲ್ಲಿ ಇಡೀ ತೋಳು ಊದಿ, ನೀಲಿಗಟ್ಟಿ, ಭಾರವಾದರೆ ಅದು ಕಾಲರ್ ಮೂಳೆಯ ಕೆಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸೂಚನೆಯಾಗಬಹುದು. ಗಟ್ಟಿಮುಟ್ಟಾದ ಯುವಕರಲ್ಲೇ ಕಾಣುವ ಈ ಅಪರೂಪದ ತೊಂದರೆಗೆ ಅದೇ ದಿನ ಚಿಕಿತ್ಸೆ ಆಗಬೇಕು. ಜ್ವರದೊಂದಿಗೆ ಕೀಲು ಬಿಸಿಯಾಗಿ ಊದಿದ್ದರೂ ಹಾಗೆಯೇ. ಎಡಭುಜದ ನೋವು ಮೆಟ್ಟಿಲು ಹತ್ತಿದರೂ ಬರುತ್ತಿದ್ದರೆ, ಎದೆ ಬಿಗಿತ, ಬೆವರು, ಉಸಿರುಕಟ್ಟು ಸೇರಿಕೊಂಡಿದ್ದರೆ ಭುಜವನ್ನು ಮರೆತು ಹೃದಯದ ಬಗ್ಗೆ ಯೋಚಿಸಿ. 108ಕ್ಕೆ ಕರೆ ಮಾಡಿ.

ಇದೇ ಕೀಲು ಯಾಕೆ ನೋಯುತ್ತದೆ

ಸೊಂಟದ ಕೀಲು ಒರಳಿನಲ್ಲಿ ಕೂತ ಗುಂಡಿನಂತೆ ಆಳವಾಗಿ ಕೂತಿರುತ್ತದೆ. ಭುಜಕ್ಕೆ ಆ ಆಳವಿಲ್ಲ. ತೋಳಿನ ಮೂಳೆಯ ದುಂಡು ತಲೆಯ ಸಣ್ಣದೊಂದು ಭಾಗ ಮಾತ್ರ ಯಾವುದೇ ಹೊತ್ತಿನಲ್ಲಿ ಭುಜದೆಲೆಯ ಕುಳಿಗೆ ತಾಗಿರುತ್ತದೆ. ನಾವು ಬೆನ್ನು ತುರಿಸಿಕೊಳ್ಳುವುದಕ್ಕೂ ಅಟ್ಟದ ಮೇಲಿನ ಪೆಟ್ಟಿಗೆಗೆ ಕೈಚಾಚುವುದಕ್ಕೂ ಸಾಧ್ಯವಾಗಿರುವುದು ಈ ಸಡಿಲದಿಂದಲೇ. ಅದಕ್ಕೆ ಪ್ರತಿಯಾಗಿ, ಆ ದುಂಡನ್ನು ಕುಳಿಯ ನಡುವೆ ಹಿಡಿದಿಡುವ ಕೆಲಸ ಮೂಳೆಯಿಂದ ಸ್ನಾಯುಗಳಿಗೆ ವರ್ಗವಾಗಿದೆ. ಭುಜದೆಲೆಯಿಂದ ಹೊರಟು ದುಂಡಿನ ಸುತ್ತ ಅಂಟಿಕೊಳ್ಳುವ ನಾಲ್ಕು ಸಣ್ಣ ಸ್ನಾಯುಗಳನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಎದೆಯ ಸ್ನಾಯುವೂ ಹೆಗಲಿನ ದಪ್ಪ ಸ್ನಾಯುವೂ ಬಾರ್ ತಳ್ಳುವಾಗ ಈ ನಾಲ್ಕು ಸ್ನಾಯುಗಳು ದುಂಡನ್ನು ಜಾರದಂತೆ ಒತ್ತಿ ಹಿಡಿದಿರುತ್ತವೆ. ಇನ್ನೊಂದು ಸಂಗತಿ ಇದಕ್ಕೆ ಸೇರಬೇಕು. ಸ್ನಾಯು ವಾರಗಳಲ್ಲಿ ಬಲಗೊಳ್ಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅಷ್ಟೇ ಬಲ ಪಡೆಯಲು ತಿಂಗಳುಗಳು ಬೇಕು. ಹೊಸದಾಗಿ ಜಿಮ್ ಸೇರಿದವರಿಗೆ ಮೂರನೆಯ ನಾಲ್ಕನೆಯ ತಿಂಗಳಲ್ಲಿ, ತೂಕ ಸರಸರ ಏರುತ್ತಿರುವಾಗಲೇ ನೋವು ಹತ್ತಿಕೊಳ್ಳುವುದಕ್ಕೆ ಇದು ಮುಖ್ಯ ಕಾರಣ. ವರ್ಷಗಳಿಂದ ಎತ್ತುತ್ತಿರುವವರಲ್ಲಿ, ಮದುವೆ, ಪರೀಕ್ಷೆ, ಊರಿಗೆ ಹೋಗಿದ್ದು ಎಂದು ಒಂದು ತಿಂಗಳು ತಪ್ಪಿ ಮರಳಿದಾಗಲೂ ನಡೆಯುವುದು ಇದೇ.

ಈ ವಿವರಣೆ ವೈದ್ಯಲೋಕದಲ್ಲಿ ನೆಲೆಯೂರಿದ್ದು ಇತ್ತೀಚೆಗೆ. 1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್, ಭುಜದ ಮೇಲ್ಛಾವಣಿಯಂತಿರುವ ಮೂಳೆ ಕೆಳಗಿನ ಸ್ನಾಯುರಜ್ಜುವನ್ನು ಉಜ್ಜುವುದರಿಂದ ನೋವು ಬರುತ್ತದೆಂದು ವಾದಿಸಿದರು. ಆ ಮೂಳೆಯನ್ನು ಕೆತ್ತಿ ಜಾಗ ಮಾಡುವ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು. ಅದನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ನಾಲ್ಕು ದಶಕಗಳ ಬಳಿಕ. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳನ್ನು ಮೂರು ಗುಂಪು ಮಾಡಿದರು: ಒಂದು ಗುಂಪಿಗೆ ಮೂಳೆ ಕೆತ್ತಿದರು, ಇನ್ನೊಂದಕ್ಕೆ ಒಳಗೆ ಕ್ಯಾಮೆರಾ ಇಳಿಸಿ ನೋಡಿ ಹೊಲಿದರು ಅಷ್ಟೆ, ಮೂರನೆಯದಕ್ಕೆ ಏನೂ ಮಾಡಲಿಲ್ಲ. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶದಲ್ಲಿ ಮೂಳೆ ಕೆತ್ತಿಸಿಕೊಂಡವರಿಗೂ ಬರೀ ನೋಡಿಸಿಕೊಂಡವರಿಗೂ ವ್ಯತ್ಯಾಸವಿರಲಿಲ್ಲ; ಏನೂ ಮಾಡದವರಿಗಿಂತ ಇಬ್ಬರೂ ಸ್ವಲ್ಪ ಮುಂದಿದ್ದರೂ ರೋಗಿಗೆ ಗಮನಾರ್ಹ ಎನ್ನಿಸುವಷ್ಟಲ್ಲ. ಮೂಳೆ ಉಜ್ಜುವುದೇ ಮೂಲವಾಗಿದ್ದರೆ ಕೆತ್ತಿದವರಿಗೆ ಎದ್ದುಕಾಣುವ ಗುಣ ಸಿಗಬೇಕಿತ್ತು.

ಹಾಗಾದರೆ ಏನು ಕೆಲಸ ಮಾಡುತ್ತದೆ? 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಭುಜದ ಶಸ್ತ್ರಚಿಕಿತ್ಸೆಗೆಂದು ಸರದಿಯಲ್ಲಿ ಕಾಯುತ್ತಿದ್ದ 102 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ರೊಟೇಟರ್ ಕಫ್‌ಗೂ ಭುಜದೆಲೆಯ ಸ್ನಾಯುಗಳಿಗೂ ಹಂತಹಂತವಾಗಿ ಭಾರ ಏರಿಸುವ ವ್ಯಾಯಾಮ ಕೊಟ್ಟರು, ಇನ್ನೊಂದು ಪಾಲಿಗೆ ಕುತ್ತಿಗೆ–ಭುಜ ಆಡಿಸುವ ಸಾಮಾನ್ಯ ವ್ಯಾಯಾಮ. 12 ವಾರಗಳ ಬಳಿಕ ಎರಡನೆಯ ಪಾಲಿನಲ್ಲಿ ಶೇ. 63ರಷ್ಟು ಜನ ಶಸ್ತ್ರಚಿಕಿತ್ಸೆ ಬೇಕೆಂದರು. ಭಾರ ಏರಿಸಿದವರಲ್ಲಿ ಶೇ. 20ರಷ್ಟು ಮಾತ್ರ. ಎರಡೂ ಕಡೆ ಕೈ ಆಡಿತ್ತು, ಎರಡೂ ಕಡೆ ಸಮಯ ಕಳೆದಿತ್ತು. ವ್ಯತ್ಯಾಸವಿದ್ದದ್ದು ಯಾವ ಸ್ನಾಯುವಿಗೆ ಕೆಲಸ ಕೊಟ್ಟರು, ಅದರ ಭಾರವನ್ನು ಹೇಗೆ ಏರಿಸಿದರು ಎಂಬುದರಲ್ಲಿ.

ಏಳುವ ಆಕ್ಷೇಪಗಳು

‘ಇವೆಲ್ಲ ನಡುವಯಸ್ಸಿನ ಸಾಮಾನ್ಯ ರೋಗಿಗಳ ಮೇಲಿನ ಅಧ್ಯಯನ, ತೂಕ ಎತ್ತುವವರಿಗೆ ಹೇಗೆ ಅನ್ವಯಿಸುತ್ತದೆ?’ ಎಂದು ನೀವು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಸ್ನಾಯುರಜ್ಜು ಭಾರಕ್ಕೆ ಒಗ್ಗಿಕೊಳ್ಳುವ ರೀತಿ ಜಿಮ್‌ಗೆ ಹೋಗುವವರಲ್ಲಿ ಬೇರೆಯಾಗುವುದಿಲ್ಲ, ಮೇಲಾಗಿ ಅವರಿಗೆ ಒಂದು ಅನುಕೂಲವೂ ಇದೆ: ಭಾರವನ್ನು ಕಿಲೋ ಲೆಕ್ಕದಲ್ಲಿ ಅಳೆದು ಏರಿಸುವ ಸಲಕರಣೆ ಎದುರಿಗೇ ಇದೆ, ಕೂಲಿ ಕೆಲಸದಲ್ಲಿ ಭುಜ ನೋಯಿಸಿಕೊಂಡವರಿಗೆ ಅದು ಸಿಗುವುದಿಲ್ಲ. ನಮ್ಮ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಬೆನ್ನು–ಭುಜದ ತೊಂದರೆಯಿಂದ ಬಳಲಿ 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದದ್ದು ಫಿಸಿಕಲ್ ಥೆರಪಿಸ್ಟ್ ಆರನ್ ಹೊರ್ಷಿಗ್ ಅವರ ಬಳಿಗೆ. ಎಡ–ಬಲಗಳ ಬಲದ ಅಸಮತೋಲನ ಸರಿಪಡಿಸುವ ವ್ಯಾಯಾಮವೂ ತರಬೇತಿಯೂ ಅಲ್ಲಿ ಜೊತೆಜೊತೆಯಾಗಿ ಸಾಗಿದವು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕಿಲೋ ಎತ್ತಿ ವಿಶ್ವದಾಖಲೆ ಬರೆದ ಅವರು ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಒಬ್ಬ ಕ್ರೀಡಾಪಟುವಿನ ಉದಾಹರಣೆ ಪುರಾವೆಯಾಗದು. ಭಾರ ಎತ್ತುತ್ತಲೇ ಭುಜ ಸರಿಪಡಿಸುವ ದಾರಿ ಅತ್ಯುನ್ನತ ಮಟ್ಟದಲ್ಲೂ ಬಳಕೆಯಲ್ಲಿದೆ ಎಂಬುದನ್ನು ಮಾತ್ರ ಅದು ತೋರಿಸುತ್ತದೆ.

‘ಸ್ಕ್ಯಾನ್‌ನಲ್ಲಿ ಸ್ನಾಯುರಜ್ಜು ಹರಿದಿದೆ ಎಂದು ಬಂದಿದೆ, ಇನ್ನೂ ಎತ್ತಿದರೆ ಪೂರ್ತಿ ಹರಿಯುವುದಿಲ್ಲವೇ?’ ಎಂಬುದು ಇನ್ನೊಂದು ಭಯ. ವರದಿಯ ಮಾತುಗಳನ್ನು ಓದಿ ಹೆದರುವ ಮುನ್ನ ಇದು ತಿಳಿದಿರಲಿ: 40ರಿಂದ 70 ವರ್ಷದ, ಭುಜದಲ್ಲಿ ಯಾವ ನೋವೂ ಇಲ್ಲದ 51 ಗಂಡಸರ ಅಲ್ಟ್ರಾಸೌಂಡ್ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 96ರಷ್ಟು ಜನರ ಭುಜದಲ್ಲಿ ಏನಾದರೊಂದು ‘ದೋಷ’ ಕಂಡಿತ್ತು. ವಯಸ್ಸಾದಂತೆ ತಲೆಗೂದಲು ನೆರೆಯುವುದು ಸಹಜ. ಸ್ನಾಯುರಜ್ಜು ಸವೆಯುವುದೂ ಸಹಜವೇ. ಪೆಟ್ಟಾಗದೆ ಕಂಡ ಭಾಗಶಃ ಹರುಕು ನಿಮ್ಮ ನೋವಿಗೆ ಕಾರಣವಾಗಿರಲೇಬೇಕೆಂದಿಲ್ಲ. ಬಿದ್ದು ಅಥವಾ ಜಗ್ಗಿ, ಕೈಯ ಬಲ ಒಮ್ಮೆಗೇ ಹೋಗಿದ್ದರೆ ಆ ಮಾತು ಬೇರೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಸಹಜವಾದದ್ದು: ‘ನೋವು ಎಂದರೆ ದೇಹ ನಿಲ್ಲಿಸು ಎನ್ನುತ್ತಿದೆ ಎಂದಲ್ಲವೇ?’ ನೋವು ಎಚ್ಚರಿಕೆಯೇ ಹೌದು, ಆದರೆ ಅದು ಪ್ರಮಾಣವನ್ನೂ ಹೇಳುತ್ತದೆ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ, ಹತ್ತನ್ನು ತಡೆಯಲಾರದ ನೋವು ಎಂದುಕೊಂಡರೆ, ವ್ಯಾಯಾಮ ಮಾಡುವಾಗ ಮೂರರವರೆಗೆ ಇರುವ, ಮುಗಿದ ಮೇಲೆ ಇಳಿಯುವ, ಮರುದಿನ ಬೆಳಿಗ್ಗೆ ಮೊದಲಿಗಿಂತ ಹೆಚ್ಚಾಗದ ನೋವನ್ನು ಒಪ್ಪಿಕೊಳ್ಳಬಹುದು. ನಾಲ್ಕೈದಕ್ಕೆ ಹೋದರೆ ಅಥವಾ ಮರುಬೆಳಿಗ್ಗೆ ತಲೆ ಬಾಚಲು ಕೈ ಎತ್ತುವಾಗ ನಿನ್ನೆಗಿಂತ ಜಾಸ್ತಿ ನೋಯುತ್ತಿದ್ದರೆ ಭಾರ ಹೆಚ್ಚಾಯಿತೆಂದು ಅರ್ಥ. ಮುಂದಿನ ಸಲ ಇಳಿಸಿ. ಈ ನಿಯಮವೊಂದನ್ನು ಹಿಡಿದುಕೊಂಡರೆ ಉಳಿದದ್ದು ಬಹುಮಟ್ಟಿಗೆ ಇದರಿಂದಲೇ ಹೊರಡುತ್ತದೆ.

ನೋವು ಎಲ್ಲಿದೆ ಎಂದು ನೋಡಿ

ರಟ್ಟೆಯ ಹೊರಮೈಯಲ್ಲಿ, ಅಂಗೈಯಿಂದ ಮುಚ್ಚುವಷ್ಟು ಜಾಗದಲ್ಲಿ ನೋವಿದ್ದು, ಕೈ ಪಕ್ಕಕ್ಕೆ ಎತ್ತುವಾಗ ಹೆಚ್ಚಾದರೆ ರೊಟೇಟರ್ ಕಫ್ ಇರುವ ಸಂಭವ ಹೆಚ್ಚು. ಭುಜದ ನೆತ್ತಿಯಲ್ಲಿ, ಕಾಲರ್ ಮೂಳೆಯ ತುದಿಯ ಮೇಲೆ ಒಂದೇ ಬೆರಳಿಟ್ಟು ತೋರಿಸಬಹುದಾದ ನೋವು ಬೇರೆ. ಆ ತುದಿಯ ಮೂಳೆ ಮತ್ತೆ ಮತ್ತೆ ಬಿದ್ದ ಒತ್ತಡಕ್ಕೆ ಕರಗತೊಡಗುವುದುಂಟು. 1982ರಲ್ಲಿ ಇಂಥ 46 ಪುರುಷ ಕ್ರೀಡಾಪಟುಗಳನ್ನು ವರದಿ ಮಾಡಿದಾಗ ಅವರಲ್ಲಿ 45 ಮಂದಿ ತೂಕ ಎತ್ತುವವರಾಗಿದ್ದರು. ಬೆಂಚ್ ಪ್ರೆಸ್ ಮತ್ತು ಡಿಪ್ಸ್‌ನ ಆಳವನ್ನು ಕಡಿಮೆ ಮಾಡುವುದು ಇದಕ್ಕೆ ಮೊದಲ ಮದ್ದು, ಮತ್ತು ಇದಕ್ಕೆ ತಾಳ್ಮೆ ಇನ್ನೂ ಹೆಚ್ಚು ಬೇಕು. ನೋವು ಮೊಣಕೈ ದಾಟಿ ಬೆರಳಿಗೆ ಇಳಿದು ಜೋಮು ಹಿಡಿಸಿದರೆ ಕುತ್ತಿಗೆಯನ್ನು ತೋರಿಸಿ. 40 ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಬೇರೆಯವರು ಹಿಡಿದು ತಿರುಗಿಸಿದರೂ ಕೈ ಹೊರಕ್ಕೆ ತಿರುಗದಷ್ಟು ಬಿಗಿಯಾಗಿದ್ದರೆ ಅದು ಫ್ರೋಜನ್ ಶೋಲ್ಡರ್ ಆಗಿರಬಹುದು. ಅದರ ದಾರಿ ಬೇರೆ, ಕಾಲವೂ ಬಹಳ.

ಮಾಡಬೇಕಾದ ಕೆಲಸ

1. ಮೊದಲ ಎರಡು ಮೂರು ದಿನ ನೋಯಿಸುವ ಎತ್ತುವಿಕೆಯನ್ನು ಬಿಡಿ, ಆದರೆ ತೋಳನ್ನು ಜೋಳಿಗೆಯಲ್ಲಿ ಕಟ್ಟಿಡಬೇಡಿ. ನೋಯದಷ್ಟು ಎತ್ತರಕ್ಕೆ ದಿನಕ್ಕೆ ಹಲವು ಸಲ ಕೈ ಆಡಿಸಿ. ಐಸ್ ಹಿತವೆನಿಸಿದರೆ ಐಸ್, ಬಿಸಿನೀರಿನ ಶಾಖ ಹಿತವೆನಿಸಿದರೆ ಅದು. ಎರಡರಿಂದಲೂ ಸಿಗುವುದು ಉಪಶಮನ ಮಾತ್ರ. ಮಲಗುವಾಗ ನೋಯದ ಮಗ್ಗುಲಿಗೆ ಹೊರಳಿ, ನೋಯುವ ತೋಳಿನ ಕೆಳಗೆ ದಿಂಬು ಇಟ್ಟುಕೊಂಡರೆ ನಿದ್ದೆ ಸುಧಾರಿಸುತ್ತದೆ. ಕಾಲಿನ ವ್ಯಾಯಾಮವನ್ನು ನಿಲ್ಲಿಸುವ ಅಗತ್ಯವಿಲ್ಲ.

2. ಗಡಿ ಹುಡುಕಿ, ಬರೆದಿಡಿ. ಖಾಲಿ ಬಾರ್‌ನಿಂದ ಶುರುಮಾಡಿ ಯಾವ ವ್ಯಾಯಾಮದಲ್ಲಿ, ಎಷ್ಟು ಕಿಲೋಗೆ, ಕೈ ಯಾವ ಎತ್ತರದಲ್ಲಿದ್ದಾಗ ನೋವು ಮೂರಕ್ಕೆ ಮುಟ್ಟುತ್ತದೆ ಎಂದು ನೋಡಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಕಿಲೋ, ಸೆಟ್, ನೋವಿನ ಅಂಕಿ, ಮರುಬೆಳಗಿನ ಅಂಕಿ ಬರೆಯಿರಿ. ಈ ಐದು ಕಲಮುಗಳಿಲ್ಲದೆ ಮುಂದಿನ ಹೆಜ್ಜೆಗಳೆಲ್ಲ ಊಹೆಯಾಗುತ್ತವೆ.

3. ಎತ್ತುವ ರೀತಿಯನ್ನು ಬದಲಿಸಿ. ಬೆಂಚ್ ಪ್ರೆಸ್‌ನಲ್ಲಿ ಹಿಡಿತ ಭುಜಗಳ ಅಗಲದ ಒಂದೂವರೆ ಪಟ್ಟು ಮೀರದಿರಲಿ. ಮೊಣಕೈಗಳು ದೇಹಕ್ಕೆ ಲಂಬವಾಗಿ ಅರಳದೆ ಸುಮಾರು 45 ಡಿಗ್ರಿಯಲ್ಲಿರಲಿ. ಆಳಕ್ಕೆ ಇಳಿದಾಗಲೇ ನೋಯುವವರು ನೆಲದ ಮೇಲೆ ಮಲಗಿ ಪ್ರೆಸ್ ಮಾಡಿದರೆ ಮೊಣಕೈ ನೆಲಕ್ಕೆ ತಾಗಿ ತಾನಾಗಿ ನಿಲ್ಲುತ್ತದೆ. ಅಂಗೈ ಎದುರುಬದುರು ಇರುವಂತೆ ಡಂಬೆಲ್ ಹಿಡಿದರೆ ಹಲವರಿಗೆ ನೋವು ತಕ್ಷಣ ತಗ್ಗುತ್ತದೆ. ಕುತ್ತಿಗೆಯ ಹಿಂದಕ್ಕೆ ಇಳಿಸುವ ಪ್ರೆಸ್ ಮತ್ತು ಪುಲ್‌ಡೌನ್ ಬಿಟ್ಟು ಮುಖದ ಮುಂದಕ್ಕೆ ತನ್ನಿ. ಅಪ್‌ರೈಟ್ ರೋ ಮಾಡುವಾಗ ಮೊಣಕೈ ಭುಜದ ಎತ್ತರ ದಾಟದಿರಲಿ. ಸ್ಕ್ವಾಟ್‌ನಲ್ಲಿ ಬಾರ್ ಹಿಡಿಯುವುದೇ ನೋವಾದರೆ ಅದನ್ನು ಬೆನ್ನಿನ ಮೇಲೆ ಸ್ವಲ್ಪ ಎತ್ತರಕ್ಕೆ ಇಟ್ಟು, ಕೈಗಳನ್ನು ಅಗಲಿಸಿ. ಇಲ್ಲಿ ನಮ್ಮ ಗರಡಿಮನೆಯ ದಂಡವನ್ನು ನೆನೆಯಬೇಕು. ಬೆಂಚಿನ ಮೇಲೆ ಮಲಗಿದಾಗ ಭುಜದೆಲೆಗಳು ದೇಹದ ಭಾರಕ್ಕೆ ಸಿಕ್ಕಿ ಅಲುಗಾಡಲಾರವು. ದಂಡ ಹೊಡೆಯುವಾಗ ಅವು ಪಕ್ಕೆಲುಬಿನ ಮೇಲೆ ಸರಾಗ ಜಾರುತ್ತವೆ, ತೋಳಿನ ಮೂಳೆಯ ಜೊತೆ ಜೊತೆಗೇ ತಿರುಗುತ್ತವೆ. ಹಾಗಾಗಿ ಬೆಂಚ್ ನೋಯಿಸಿದರೂ ಪುಷ್-ಅಪ್ ನೋಯಿಸದವರು ಬಹಳ. ಗೋಡೆಗೆ ಕೈಕೊಟ್ಟು ಆರಂಭಿಸಿ, ಮೇಜಿನ ಅಂಚಿಗೆ ಇಳಿಸಿ, ಕೊನೆಗೆ ನೆಲಕ್ಕೆ ತನ್ನಿ. ಮೇಲೆ ಬಂದ ಬಳಿಕ ಬೆನ್ನನ್ನು ಇನ್ನೊಂದಿಷ್ಟು ಮೇಲಕ್ಕೆ ತಳ್ಳಿದರೆ ಭುಜದೆಲೆಯ ಸ್ನಾಯುವಿಗೂ ಕೆಲಸ ಸಿಗುತ್ತದೆ.

4. ಕಫ್‌ಗೆ ನೇರವಾಗಿ ಭಾರ ಕೊಡಿ. ನೋವು ಹೆಚ್ಚಿರುವ ಮೊದಲ ವಾರ ಮೊಣಕೈ ಮಡಿಸಿ ಪಕ್ಕೆಗೆ ತಾಗಿಸಿ, ಮುಂಗೈಯ ಹೊರಮೈಯನ್ನು ಗೋಡೆಗೆ ಒತ್ತಿ 30 ಸೆಕೆಂಡ್ ಹಿಡಿಯುವುದು ಸಾಕು, ಐದು ಸಲ. ಆಮೇಲೆ ಅದೇ ಭಂಗಿಯಲ್ಲಿ ರಬ್ಬರ್ ಬ್ಯಾಂಡ್ ಎಳೆಯಿರಿ, ಅಥವಾ ಮಗ್ಗುಲಿಗೆ ಮಲಗಿ ಒಂದು ಲೀಟರ್ ನೀರಿನ ಬಾಟಲಿ ಎತ್ತಿ; ಅದು ಹೆಚ್ಚುಕಡಿಮೆ ಒಂದು ಕಿಲೋ, ನೀರು ಚೆಲ್ಲಿ ಕಡಿಮೆಯೂ ಮಾಡಬಹುದು. ಎರಡನೆಯದು, ಹೆಬ್ಬೆರಳು ಮೇಲಕ್ಕಿಟ್ಟು ಕೈಯನ್ನು ಮುಂದಕ್ಕೂ ಪಕ್ಕಕ್ಕೂ ನಡುವಿನ ದಿಕ್ಕಿನಲ್ಲಿ ಭುಜದ ಎತ್ತರಕ್ಕೆ ಎತ್ತುವುದು. ಮೂರನೆಯದು, ಡಂಬೆಲ್ ಅಥವಾ ಕೇಬಲ್ ರೋ. ವಾರಕ್ಕೆ ಮೂರು ದಿನ, ಮೂರು ಸೆಟ್, 12ರಿಂದ 15 ಸಲ, ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ. ಇದಕ್ಕೆ ದುಬಾರಿ ಚಿಕಿತ್ಸಾಲಯದ ಓಡಾಟ ಎಲ್ಲರಿಗೂ ಬೇಕಿಲ್ಲ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ 708 ರೋಗಿಗಳ ಅಧ್ಯಯನದಲ್ಲಿ, ಫಿಸಿಯೋಥೆರಪಿಸ್ಟ್ ಬಳಿ ಒಂದೇ ಸಲ ಕೂತು ಸರಿಯಾಗಿ ಹೇಳಿಸಿಕೊಂಡು ಮನೆಯಲ್ಲಿ ಮಾಡಿದವರೂ, ಆರು ಸಲದವರೆಗೆ ಹೋಗಿ ಮಾಡಿದವರೂ ವರ್ಷದ ಕೊನೆಗೆ ಒಂದೇ ಮಟ್ಟದಲ್ಲಿದ್ದರು. ಆ ಒಂದು ಭೇಟಿಯನ್ನು ಮಾತ್ರ ತಪ್ಪಿಸಬೇಡಿ.

5. ಹಳೆಯ ಭಾರಕ್ಕೆ ಮರಳುವಾಗ ಅರ್ಧದಿಂದ ಶುರುಮಾಡಿ. ಮೊದಲು 60 ಕಿಲೋ ಎತ್ತುತ್ತಿದ್ದವರು 30ರಿಂದ. ವಾರದಲ್ಲಿ ಎರಡು ಸಲ ಮಾಡಿ, ಎರಡೂ ಸಲ ಅಂಕಿ ಮೂರರೊಳಗಿದ್ದು ಮರುಬೆಳಗೂ ನೆಟ್ಟಗಿದ್ದರೆ ಬಾರ್‌ನ ಎರಡೂ ತುದಿಗೆ ಒಂದೂಕಾಲು ಕಿಲೋದ ಪ್ಲೇಟ್ ಸೇರಿಸಿ. ವಾರಕ್ಕೆ ಎರಡೂವರೆ ಕಿಲೋದಂತೆ 12 ವಾರಕ್ಕೆ 60 ಮುಟ್ಟುತ್ತೀರಿ. ನಡುವೆ ಒಂದು ವಾರ ನೋವು ಏರಿದರೆ ಸೊನ್ನೆಗೆ ಹೋಗಬೇಡಿ, ಹಿಂದಿನ ವಾರದ ಭಾರಕ್ಕೆ ಇಳಿಯಿರಿ.

ಹೆಚ್ಚಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು, ನುಂಗಿ, ಜಿಮ್‌ಗೆ ಹೋಗುವುದು. ಹೊಟ್ಟೆಗೂ ಮೂತ್ರಪಿಂಡಕ್ಕೂ ಅದರಿಂದಾಗುವ ಹಾನಿ ಒಂದು ಕಡೆ. ಮೇಲೆ ಹೇಳಿದ ಲೆಕ್ಕವೆಲ್ಲ ನಿಂತಿರುವುದು ನೋವಿನ ಅಂಕಿಯ ಮೇಲೆ, ಮಾತ್ರೆ ಅದನ್ನೇ ಸುಳ್ಳಾಗಿಸುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ನೂ ಹೀಗೆಯೇ. 708 ರೋಗಿಗಳ ಆ ಅಧ್ಯಯನದಲ್ಲಿ ಇಂಜೆಕ್ಷನ್‌ನಿಂದ ಮೊದಲ ಎರಡು ತಿಂಗಳು ಸ್ವಲ್ಪ ಲಾಭ ಕಂಡಿತು, ವರ್ಷದ ಹೊತ್ತಿಗೆ ಏನೂ ಉಳಿಯಲಿಲ್ಲ. ನಿದ್ದೆಯೇ ಬಾರದಷ್ಟು ನೋವಿದ್ದಾಗ ವೈದ್ಯರ ಸಲಹೆಯಂತೆ ಅದಕ್ಕೆ ಜಾಗವಿದೆ. ಆದರೆ ಚುಚ್ಚಿಸಿಕೊಂಡ ವಾರವೇ ಭಾರ ಎತ್ತಬಾರದು, ಸಕ್ಕರೆ ಕಾಯಿಲೆಯವರು ಕೆಲವು ದಿನ ರಕ್ತದ ಸಕ್ಕರೆಯನ್ನು ಗಮನಿಸುತ್ತಿರಬೇಕು.

ನೋಯುವ ಭುಜವನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಜೋರಾಗಿ ಹಿಗ್ಗಿಸುವುದು, ಹೆಬ್ಬೆರಳು ಕೆಳಗೆ ಮಾಡಿ ಭಾರ ಎತ್ತುವುದು, ಸಣ್ಣ ಸ್ನಾಯುವಿನ ವ್ಯಾಯಾಮಕ್ಕೆ ಐದು ಕಿಲೋ ಡಂಬೆಲ್ ಹಿಡಿದು ಮೈ ಬೀಸಿ ಎಳೆಯುವುದು, ಇವೂ ಸಾಮಾನ್ಯ. ಎಣ್ಣೆ ತಿಕ್ಕಿಸುವುದರಲ್ಲಿ ದೋಷವಿಲ್ಲ, ಹಿತವಾಗುತ್ತದೆ. ಅಷ್ಟಕ್ಕೇ ನಿಂತುಬಿಟ್ಟರೆ ತಾಳಿಕೆ ಬೆಳೆಯುವುದಿಲ್ಲ. ಎದೆಯ ದಿನಗಳು ವಾರಕ್ಕೆ ಮೂರು, ಬೆನ್ನಿನ ದಿನ ನೆನಪಾದಾಗ ಒಂದು ಎಂಬ ವೇಳಾಪಟ್ಟಿ ಇದ್ದರೆ ತಳ್ಳುವಷ್ಟೇ ಸೆಟ್‌ಗಳನ್ನು ಎಳೆಯುವುದಕ್ಕೂ ಇಡಿ. ನೋವು ಹೋಗಿದೆಯೋ ಎಂದು ದಿನಾ ಕೈ ತಿರುಗಿಸಿ ಪರೀಕ್ಷಿಸುತ್ತಿದ್ದರೆ ಕೆರಳಿದ ಜಾಗ ಕೆರಳಿಯೇ ಇರುತ್ತದೆ. ಬೆಳಿಗ್ಗೆ ಒಂದು ಸಲ ನೋಡಿ ಬರೆದಿಟ್ಟರೆ ಸಾಕು. ತಲೆಯ ಮೇಲೆ ಎತ್ತುವ ಪ್ರೆಸ್ ಅನ್ನು ಜೀವಮಾನವಿಡೀ ಬಿಡಬೇಕೆಂದು ನಿರ್ಧರಿಸುವುದೂ ತಪ್ಪೇ. ಬೆಂಚ್ ಸರಿಹೋದ ಮೇಲೆ ಅದನ್ನೂ ಇದೇ ಕ್ರಮದಲ್ಲಿ, ಕೂತು, ಒಂದೇ ಕೈಯಲ್ಲಿ, ಹಗುರ ಡಂಬೆಲ್‌ನಿಂದ ತರಬಹುದು.

12 ವಾರ ಬಿಡದೆ ಮಾಡಿಯೂ ಅಂಕಿಗಳು ಕೆಳಗಿಳಿಯದಿದ್ದರೆ, ಅಥವಾ ಆರು ವಾರದಲ್ಲಿ ಕಿಲೋ ಒಂದಿಷ್ಟೂ ಏರದಿದ್ದರೆ, ಮೂಳೆ ವೈದ್ಯರನ್ನು ಕಂಡು ಸ್ಕ್ಯಾನ್ ಬಗ್ಗೆ ಕೇಳಿ. ಕೀಲು ಪದೇ ಪದೇ ಜಾರುವ ಯುವಕರಿಗೆ, ಪೂರ್ತಿ ಹರಿದ ಸ್ನಾಯುರಜ್ಜುವಿನಿಂದ ಬಲ ಕಳೆದುಕೊಂಡವರಿಗೆ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿಯಾಗಬಹುದು, ಅದನ್ನು ಗುರುತಿಸುವುದು ಅವರ ಕೆಲಸ. ಹೋಗುವಾಗ ನೋಟ್‌ಬುಕ್ ಒಯ್ಯಿರಿ. ‘ಎಷ್ಟು ದಿನದಿಂದ ನೋವು, ಏನು ಮಾಡಿದರೆ ಹೆಚ್ಚಾಗುತ್ತದೆ, ಇದುವರೆಗೆ ಏನು ಮಾಡಿದ್ದೀರಿ’ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಅದರಲ್ಲಿ ದಿನಾಂಕದ ಸಮೇತ ಇರುತ್ತದೆ.